ಮಗಳಿಗೆ ಕಲಿಸದ ಮಾತು

ಕಮಲಾ ಮೇಡಂ ಯಾರ ಮಾತನ್ನೂ ಕಣ್ಣು ನೋಡಿ ಕೇಳುತ್ತಿರಲಿಲ್ಲ, ಬಾಯಿ ನೋಡಿ ಕೇಳುತ್ತಿದ್ದರು. ಕೊಡಿಗೇಹಳ್ಳಿಯ ಗಂಡಸರು ಅವರೆದುರು ನಿಂತರೆ, ಮೀಸೆಗೆ ಉಪ್ಪಿಟ್ಟು ಮೆತ್ತಿದೆಯೇನೋ ಎಂದು ಒರೆಸಿಕೊಳ್ಳುವರು. ಕಾಲೇಜಿನಲ್ಲಿ ಭಾಷಾಶಾಸ್ತ್ರದ ಪ್ರೊಫೆಸರು. ದುಡಿಯಲು ವಲಸೆ ಬಂದವರ ಮಕ್ಕಳು ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತ ಹೇಗೆ ಕಲಿಯುತ್ತಾರೆ ಎಂಬುದು ಅವರ ಸಂಶೋಧನೆ. ಅದಕ್ಕಾಗಿ ನಾನು ಕನ್ನಡ ಪಾಠ ಹೇಳುತ್ತಿದ್ದ ಕೊಡಿಗೇಹಳ್ಳಿ ಶಾಲೆಗೆ ಬಂದು ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೂರುತ್ತಿದ್ದರು.

ಅವರು ವಿಜಯಪುರದ ಕಡೆಯ ತಾಂಡಾದವರು, ಮನೆಮಾತು ಲಂಬಾಣಿ. ಕಟ್ಟಡ ಕೆಲಸದವರ ಶೆಡ್ಡುಗಳಿಂದ ಬರುವ ಲಂಬಾಣಿ ಮಕ್ಕಳಿಗೆ ನಮ್ಮ ಹೆಡ್‌ಮಿಸ್ ಒಮ್ಮೆ, "ಸ್ಕೂಲಲ್ಲಿ ನಿಮ್ ಭಾಷೆ ಬೇಡ ಕಣ್ರೋ, ಕನ್ನಡ ಕೆಟ್ಟೋಗುತ್ತೆ" ಎಂದರು. ಮೇಡಂ ಎದ್ದು ನಿಂತರು. "ಏನ್ ಮಾತಾಡ್ತೀರಿ? ಮನಿ ಮಾತು ಕಸಗೊಂಡ್ರ ಕೂಸು ಅರ್ಧ ಮೂಕ ಆಗ್ತೈತಿ. ಒಂದ್ ಕಾಲು ಕಡದು, ಇನ್ನೊಂದ್ರಾಗ ಓಡು ಅಂತೀರೇನು?" ನನಗೆ ಒಳಗೊಳಗೇ ಖುಷಿ.

ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ. ಸಹಕಾರನಗರದ ಮನೆಯಲ್ಲಿ ಅವರು, ಮಗಳು ಇಬ್ಬರೇ. ಒಂದು ದಿನ ಅಲ್ಲಿ ಟೀ ಕುಡಿಯುತ್ತ, "ನಿಮ್ಮ ನಂದಿನಿಗೆ ಲಂಬಾಣಿ ಎಷ್ಟು ಬರುತ್ತೆ ಮೇಡಂ?" ಎಂದು ಕೆಣಕಿದೆ. ಮಗಳು ಒಳಗೆ ಫೋನಿನಲ್ಲಿ ಇಂಗ್ಲಿಷ್ ಹೊಡೆಯುತ್ತಿದ್ದಳು. ಮೇಡಂ ನಗಲಿಲ್ಲ.

"ಒಂದಕ್ಷರ ಬರೂದಿಲ್ರಿ ಸರ. ಹಾಸ್ಟೆಲ್‌ನ್ಯಾಗ ಆ ಮಾತಾಡಿದ್ದಕ್ಕ ನನ್ನ ಬಾಯಿಗೆ ಹೊಡೀತಿದ್ರು. ಇಕಿಗೆ ಆ ಹೊಡ್ತ ಬ್ಯಾಡ ಅನಸ್ತು. ಊರಿಗೆಲ್ಲ ಬುದ್ಧಿ ಹೇಳ್ತೀನಿ, ನನ್ನ ಮನ್ಯಾಗ ಮಾಡ್ಲಿಲ್ಲ."

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಹೆಬ್ಬಾಳದಲ್ಲಿ ಆಸ್ಪತ್ರೆಗೆ ಸೇರಿಸಿದರು. ಇಂಗ್ಲಿಷ್ ಹೋಯಿತು, ಕನ್ನಡವೂ ಹೋಯಿತು. ಉಳಿದದ್ದು ತೊದಲು ಲಂಬಾಣಿ ಒಂದೇ. ನಂದಿನಿ ನನಗೆ ಫೋನ್ ಮಾಡಿದಳು. "ಅಂಕಲ್, ಅಮ್ಮ ಏನೋ ಕೇಳ್ತಾನೇ ಇದಾರೆ. ನಂಗೊಂದೂ ಗೊತ್ತಾಗ್ತಿಲ್ಲ. ಆ ಭಾಷೆ ಬರೋರು ಯಾರನ್ನಾದ್ರೂ ಕರ್ಕೊಂಡ್ ಬನ್ನಿ, ಪ್ಲೀಸ್."

ಶೆಡ್ಡುಗಳಿದ್ದ ಕಡೆ ಓಡಿದೆ. ಕಟ್ಟಡ ಮುಗಿದು ಗೃಹಪ್ರವೇಶವೂ ಆಗಿತ್ತು, ಕಟ್ಟಿದವರು ಇರಲಿಲ್ಲ. ಬಾಗಲಗುಂಟೆಗೆ ಹೋದರು ಎಂದರು ಯಾರೋ. ಅಲ್ಲೂ ಹುಡುಕಿದೆ, ಸಿಗಲಿಲ್ಲ. ತಾಂಡಾದಲ್ಲಿದ್ದ ಮೇಡಂ ತಮ್ಮನಿಗೆ ನಂದಿನಿ ಫೋನಿನಲ್ಲಿ ಕೇಳಿಸಿದರೆ, ಆ ತೊದಲು ಅವನಿಗೆ ತಿಳಿಯಲಿಲ್ಲ. ಅವನು ಬಸ್ಸು ಹತ್ತಿದ.

ನಾನು ಬರಿಗೈಯಲ್ಲಿ ವಾರ್ಡಿಗೆ ಬಂದಾಗ ಮೇಡಂ ಮಗಳ ಕೈ ಹಿಡಿದು ಏನನ್ನೋ ಮತ್ತೆ ಮತ್ತೆ ಕೇಳುತ್ತಿದ್ದರು. ನಂದಿನಿ ಅಳು ನುಂಗಿಕೊಂಡು, "ಹೂಂ ಅಮ್ಮ, ಹೂಂ" ಎನ್ನುತ್ತಿದ್ದಳು. ಅರ್ಥವಾಗದೆ ಹೂಂಗುಟ್ಟುವ ಮಕ್ಕಳನ್ನು ಗುರುತು ಹಿಡಿಯುವುದರಲ್ಲೇ ಆಯುಷ್ಯ ಸವೆಸಿದ ಹೆಂಗಸು ಅವರು. ಒಂದು ಗಳಿಗೆ ಮಗಳನ್ನು ನೋಡಿದರು. ಕೈ ಬಿಟ್ಟರು. ಆಮೇಲೆ ಏನನ್ನೂ ಕೇಳಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಅತ್ತುಬಿಟ್ಟೆ.

ತಮ್ಮ ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿ ಕೇಳಿದ್ದನ್ನು ನಂದಿನಿ ನೆನಪಿನಿಂದ ಆಡಿ ತೋರಿಸಿ, "ಹಿಂಗಂದ್ರೆ ಏನು ಮಾಮಾ?" ಎಂದಳು. ಇಂಗ್ಲಿಷ್‌ಗೆ ಪಳಗಿದ ಅವಳ ನಾಲಿಗೆಯಿಂದ ಅವನು ಇನ್ನೊಮ್ಮೆ ಹೇಳಿಸಿ ಕೇಳಿದ.

"ಇದು ನಮ್ಮ ಮಾತಲ್ಲ ಅವ್ವಾ" ಎಂದ.