ನನ್ನ ಮಾತ್ರೆಯಲ್ಲಿ ಸಾಹೇಬರ ಪಾಲು

ಬಿಟ್ಟಿ ಸಿಕ್ಕಿದ ಮಾತ್ರೆಯನ್ನು ಎಸೆಯುವ ಮನುಷ್ಯ ನಮ್ಮ ಹೊಸ ತಿಪ್ಪಸಂದ್ರದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ಕಾರ್ಖಾನೆಯ ನೌಕರಿ ಇರಲಾರದು. ನನಗೆ ಇತ್ತು. ಯಾವ ಕಾರ್ಖಾನೆ ಎಂದು ಕೇಳಬೇಡಿ, ಈಗಲೂ ನನ್ನ ಔಷಧಿ ಅಲ್ಲಿಂದಲೇ ಬರುತ್ತಿದೆ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಯಾವ ಮನೆಗೆ ಹೋದರೂ ಗೋಡೆಯ ಬೀರುವಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇರುತ್ತಿತ್ತು. ಅದರಲ್ಲಿ ಬಿಸ್ಕತ್ತು ಮಾತ್ರ ಇರುತ್ತಿರಲಿಲ್ಲ. ಕಾರ್ಖಾನೆಯ ಡಿಸ್ಪೆನ್ಸರಿಯಿಂದ ತಂದು, ತಿಂದು ಮಿಕ್ಕಿದ ಮಾತ್ರೆಗಳಿರುತ್ತಿದ್ದವು. ಒಂದು ಲೋಟ ಸಕ್ಕರೆ ಸಾಲ ಕೇಳಿದಷ್ಟೇ ಸಲೀಸಾಗಿ ಪಕ್ಕದ ಮನೆಯವರು ಬಂದು ಕೆಮ್ಮಿನ ಮಾತ್ರೆ ಕೇಳುತ್ತಿದ್ದರು. ನಾವು ಕೊಡುತ್ತಿದ್ದೆವು. ಕೊಡುವಾಗ ಎರಡು ಮಾತು ಉಪದೇಶವನ್ನೂ ಸೇರಿಸುತ್ತಿದ್ದೆವು, ಅದೂ ಬಿಟ್ಟಿಯೇ.

ಈ ದಾನಶೂರರ ಪೈಕಿ ನಾನು ಸ್ವಲ್ಪ ಎತ್ತರದಲ್ಲಿದ್ದೆ. ನಾನಿದ್ದದ್ದು ಡ್ರಾಯಿಂಗ್ ಸೆಕ್ಷನ್ನಿನಲ್ಲಿ. ನನ್ನ ಅಕ್ಷರ ಅಚ್ಚು ಹಾಕಿದ ಹಾಗಿರುತ್ತಿತ್ತು. ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ, ಮೇಲೆ ಹೆಸರು, ಹೊತ್ತು, ಎಷ್ಟು ಎಂದು ದುಂಡಗೆ ಬರೆದುಕೊಟ್ಟರೆ ಯಾವ ಡಾಕ್ಟರ ಚೀಟಿಗೂ ಅಂಥ ಕಳೆ ಬರುತ್ತಿರಲಿಲ್ಲ.

ಅನ್ವರ್ ಸಾಹೇಬರು ಮಾರ್ಕೆಟ್ ರಸ್ತೆಯ ದರ್ಜಿ. ಅಂಗಡಿಯ ಹಿಂದೆಯೇ ಮನೆ. ನನ್ನ ಪ್ಯಾಂಟುಗಳನ್ನೆಲ್ಲ ಅವರೇ ಹೊಲಿದದ್ದು, ಸೊಂಟ ಬೆಳೆದಾಗಲೆಲ್ಲ ಬಿಚ್ಚಿ ಬಿಟ್ಟದ್ದೂ ಅವರೇ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷವೇ ಅವರಿಗೂ ಗೊತ್ತಾಯಿತು. ನಮ್ಮ ಹಿಂದಿನವರು ಇದಕ್ಕೆ ಮಧುಮೇಹ ಎಂದು ಹೆಸರಿಟ್ಟರಲ್ಲ, ರೋಗಗಳಲ್ಲೇ ಇಷ್ಟು ಮುದ್ದಾದ ಹೆಸರು ಇನ್ನೊಂದಿಲ್ಲ. ಕೇಳಿದರೆ ಹಬ್ಬದ ಅಡುಗೆಯೇನೋ ಅನ್ನಿಸುತ್ತದೆ. ಬಹುಶಃ ಅದಕ್ಕೇ ನಾವಿಬ್ಬರೂ ಅದಕ್ಕೆ ಹೆದರಲಿಲ್ಲ.

ಸಾಹೇಬರು ಹೆದರಿದ್ದು ಖರ್ಚಿಗೆ. "ಫೀಸು ಬೇರೆ, ಟೆಸ್ಟು ಬೇರೆ, ಮಾತ್ರೆ ಬೇರೆ. ತಿಂಗಳಿಗೆ ನಾಕು ಪ್ಯಾಂಟು ಡಾಕ್ಟ್ರಿಗೇ ಹೊಲೀಬೇಕು, ಮೂರ್ತಿಯವ್ರೇ. ಸರ್ಕಾರಿ ಆಸ್ಪತ್ರೆ ಬಿಟ್ಟಿ, ಆದ್ರೆ ಅರ್ಧ ದಿನ ಅಂಗಡಿ ಬಾಗ್ಲು ಹಾಕ್ಬೇಕು" ಅಂದರು.

"ಅದಕ್ಯಾಕೆ ಯೋಚ್ನೆ ಸಾಹೇಬ್ರೆ? ನಂಗೂ ಅದೇ ಸಕ್ಕರೆ, ನಿಮ್ಗೂ ಅದೇ ಸಕ್ಕರೆ. ನಂದ್ರಲ್ಲೇ ಅರ್ಧ ತಗೊಳ್ಳಿ" ಅಂದೆ.

ಹೀಗೆ ಶುರುವಾಯಿತು. ತಿಂಗಳಿಗೆ ಮೂವತ್ತು ಮಾತ್ರೆ ಬರುತ್ತಿತ್ತು. ಹದಿನೈದು ನನಗೆ, ಹದಿನೈದು ಅವರಿಗೆ, ದಿನ ಬಿಟ್ಟು ದಿನ. ನನ್ನ ಸಕ್ಕರೆ ಇಳಿಯಲಿಲ್ಲ. ಕಾರ್ಖಾನೆಯ ಡಾಕ್ಟರು ರಿಪೋರ್ಟ್ ನೋಡಿ, "ಸರಿಯಾಗಿ ತಗೊಳ್ತಿದೀರಾ?" ಎಂದು ಕೇಳಿದರು. "ತಪ್ಪದೆ ಸಾರ್" ಅಂದೆ. ದಿನಕ್ಕೆ ಎರಡು ಬರೆದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್‌ಕ್ರಿಮೆಂಟ್ ಬಂದಾಗಲೂ ಅಷ್ಟಾಗಿರಲಿಲ್ಲ. ಈಗ ಇಬ್ಬರಿಗೂ ದಿನಕ್ಕೊಂದೊಂದು! ಆಮೇಲೆ ನನಗೆ ಹಲಸೂರಿನ ಒಂದು ಅಂಗಡಿಯ ಜಿಲೇಬಿಯ ಸಹವಾಸ ಹತ್ತಿತು. ಸಕ್ಕರೆ ಮತ್ತೆ ಏರಿತು. ಡಾಕ್ಟರು ಈ ಸಲ ಮಾತ್ರೆಯನ್ನೇ ಬದಲಾಯಿಸಿ, ಇನ್ನೂ ಜೋರಾದದ್ದನ್ನು ಕೊಟ್ಟರು. ಅದರಲ್ಲೂ ಸಾಹೇಬರಿಗೆ ಸಮಪಾಲು ಹೋಯಿತು. ನಾಲ್ಕು ವರ್ಷ ಈ ವೈದ್ಯ ನಡೆಯಿತು. ಅಷ್ಟೂ ದಿನ ಅವರ ರಕ್ತವನ್ನು ಯಾರೂ ನೋಡಲಿಲ್ಲ.

ಹೊಸ ಮಾತ್ರೆ ಬಂದ ಮರುತಿಂಗಳೇ ರಂಜಾನ್. ದರ್ಜಿಗಳಿಗೆ ಅದು ತಲೆ ಎತ್ತಲೂ ಪುರುಸೊತ್ತಿಲ್ಲದ ತಿಂಗಳು. ಸಾಹೇಬರು ಬೆಳಕು ಹರಿಯುವ ಮುಂಚೆ ಊಟ ಮಾಡಿ, ನನ್ನ ಮಾತ್ರೆ ನುಂಗಿ, ಹನಿ ನೀರೂ ಇಲ್ಲದೆ ಸಂಜೆಯವರೆಗೆ ಮೆಷಿನ್ ತುಳಿಯುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಅವರ ಹೆಂಡತಿ ನಮ್ಮ ಮನೆಗೇ ಓಡಿ ಬಂದರು. "ಭಾಯಿ, ಬೇಗ ಬನ್ನಿ. ಏನೇನೋ ಮಾತಾಡ್ತಾವ್ರೆ, ಮೈಯೆಲ್ಲಾ ಬೆವರು."

ಹೋಗಿ ನೋಡಿದರೆ ಸಾಹೇಬರು ಬಟ್ಟೆಯ ರಾಶಿಗೆ ಒರಗಿ ನಡುಗುತ್ತಿದ್ದರು. ನಾನು ಯಾರೆಂದು ಅವರಿಗೆ ಗುರುತು ಹತ್ತಲಿಲ್ಲ. ಆ ತಾಯಿ ಒಂದು ಲೋಟ ಶರಬತ್ತು ಕಲಸಿ ತಂದು, ರೋಜಾದ ಉಪವಾಸ ಮುರಿದರೂ ಮುರಿಯಲಿ ಎಂದು ಬಾಯಿಗೆ ಹಿಡಿದರು. ನಾನು ಅವರ ಕೈ ತಡೆದೆ. "ಅಯ್ಯಯ್ಯೋ, ಸಕ್ಕರೆ ಕಾಯಿಲೆಯವರಿಗೆ ಸಿಹಿ ಕೊಡೋದಾ!" ಎಂದು ಗದರಿದೆ. ಅವರು ಲೋಟ ಕೆಳಗಿಟ್ಟರು. ಕಾರ್ಖಾನೆಯವನು, ಓದಿದವನು ಹೇಳಿದ ಮೇಲೆ ಇನ್ನೇನು ಮಾಡಿಯಾರು?

ಆಟೋದಲ್ಲಿ ಹಾಕಿಕೊಂಡು ಮೊದಲು ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಕೌಂಟರಿನ ಹುಡುಗಿ ಸಾಹೇಬರ ಮುಖ ನೋಡುವ ಮುಂಚೆ ನನ್ನ ಮುಖ ನೋಡಿ, "ಕಂಪನಿನಾ, ಕ್ಯಾಷಾ?" ಎಂದು ಕೇಳಿದಳು. ಕ್ಯಾಷ್ ಅಂದೆ. ಅವಳು ಹೇಳಿದ ಡೆಪಾಸಿಟ್ ಕೇಳಿ ದಂಗಾದೆ. ನನ್ನಲ್ಲಿದ್ದದ್ದು ಆಟೋ ಚಾರ್ಜು. ನನ್ನ ಮೆಡಿಕಲ್ ಪುಸ್ತಕ ತೋರಿಸಿ ನೋಡಿದೆ. "ಪೇಷಂಟು ನೀವಲ್ವಲ್ಲ ಸಾರ್" ಅಂದಳು. ನಾಲ್ಕು ವರ್ಷದಲ್ಲಿ ನಮ್ಮಿಬ್ಬರನ್ನು ಬೇರೆ ಬೇರೆ ಎಂದು ಗುರುತಿಸಿದ ಮೊದಲ ವ್ಯಕ್ತಿ ಅವಳೇ. ಮತ್ತೆ ಆಟೋ, ಹಲಸೂರಿನ ಟ್ರಾಫಿಕ್ಕು, ಕೊನೆಗೆ ಶಿವಾಜಿನಗರದ ಸರ್ಕಾರಿ ಆಸ್ಪತ್ರೆ.

ಅಲ್ಲಿ ಒಬ್ಬ ಯುವ ಡಾಕ್ಟರಮ್ಮ ಬೆರಳು ಚುಚ್ಚಿ ರಕ್ತ ನೋಡಿದವರೇ ಗ್ಲೂಕೋಸ್ ಏರಿಸಿದರು. "ಸಕ್ಕರೆ ಪೂರ್ತಿ ಇಳಿದುಹೋಗಿದೆ. ಇನ್ನು ಸ್ವಲ್ಪ ಹೊತ್ತು ಆಗಿದ್ರೆ ಉಳೀತಿರ್ಲಿಲ್ಲ. ಒಂದು ಲೋಟ ಸಕ್ಕರೆ ನೀರು ಕುಡಿಸೋಕೆ ಮನೇಲಿ ಯಾರಿಗೂ ತೋಚಲಿಲ್ವಾ?"

ಸಾಹೇಬರ ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು.

"ಯಾವ ಮಾತ್ರೆ ತಗೊಳ್ತಿದ್ರು?" ಎಂದು ಕೇಳಿದಾಗ ಅವರು ಸೆರಗಿನ ಗಂಟಿನಿಂದ ಕವರ್ ತೆಗೆದುಕೊಟ್ಟರು. ಡಾಕ್ಟರಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಈ ಬರಹ ಯಾರದು?"

"ನಂದೇ ಮೇಡಂ."

"ನೀವು ಡಾಕ್ಟ್ರಾ?"

"ಡ್ರಾಯಿಂಗ್ ಸೆಕ್ಷನ್."

ಆಕೆ ನಗಲಿಲ್ಲ. ಅಷ್ಟರಲ್ಲಿ ಸಾಹೇಬರು ಕಣ್ಣು ಬಿಟ್ಟು ವಿಷಯ ಗ್ರಹಿಸಿದರೆಂದು ಕಾಣುತ್ತದೆ. ಕ್ಷೀಣವಾದ ದನಿಯಲ್ಲಿ, "ಅವ್ರನ್ನ ಬೈಬೇಡಿ ಮೇಡಂ. ನಾಕು ವರ್ಷ ಮಾತ್ರೆ ಕೊಟ್ಟವ್ರೆ, ಒಂದು ಪೈಸೆ ತಗೊಂಡಿಲ್ಲ" ಅಂದರು. ನನ್ನ ಜೀವಮಾನದಲ್ಲಿ ಯಾವ ಬೈಗುಳವೂ ನನ್ನನ್ನು ಹಾಗೆ ಇರಿದಿಲ್ಲ.

ಸೋಮವಾರ ಕಾರ್ಖಾನೆಯ ಡಾಕ್ಟರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನ ಫೈಲನ್ನು ಮೊದಲಿನಿಂದ ತಿರುವಿ ನೋಡಿ, ಕನ್ನಡಕ ತೆಗೆದಿಟ್ಟರು. "ನೀವು ಅರ್ಧ ತಿಂದಿದ್ದಕ್ಕೆ ಇಳೀಲಿಲ್ಲ. ಇಳೀಲಿಲ್ಲ ಅಂತ ನಾನು ಏರಿಸ್ತಾ ಹೋದೆ. ಹಾಗಾದ್ರೆ ಇಷ್ಟು ವರ್ಷ ನಾನು ಔಷಧಿ ಕೊಡ್ತಿದ್ದದ್ದು ಯಾರಿಗೆ ಮೂರ್ತಿ?" ಎಂದು ಕೇಳಿದರು. ನನ್ನ ರಕ್ತ, ಸಾಹೇಬರ ಹೊಟ್ಟೆ, ಎರಡೂ ಸೇರಿ ಆ ಫೈಲಿನಲ್ಲಿ ಯಾರೋ ಒಬ್ಬ ರೋಗಿ ತಯಾರಾಗಿದ್ದ. ಅಂಥವನು ಭೂಮಿಯ ಮೇಲೆ ಇರಲೇ ಇಲ್ಲ. ಹಳ್ಳಿಯ ಪಂಡಿತರು ಕೂಡ ನಾಡಿ ಹಿಡಿದು, ಏನು ಉಂಡೆ, ಎಷ್ಟೊತ್ತಿಗೆ ಉಂಡೆ ಎಂದು ಕೇಳದೆ ಬೇರು ಅರೆಯುತ್ತಿರಲಿಲ್ಲ. ನಾನು ನೆರೆಯವನಾಗಿದ್ದೂ, ಅವರು ಉಪವಾಸವಿರುವುದನ್ನು ದಿನವೂ ಕಣ್ಣಾರೆ ನೋಡುತ್ತಿದ್ದೂ ಕೇಳಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಸಾಹೇಬರಿಗೆ ಮಾತ್ರೆಯ ಕೊರತೆ ಎಂದುಕೊಂಡಿದ್ದೆ. ಮಾತ್ರೆ ಶಿವಾಜಿನಗರದಲ್ಲಿ ಬಿಟ್ಟಿ ಸಿಗುತ್ತಿತ್ತು. ಅವರಿಗೆ ಇಲ್ಲದೆ ಇದ್ದದ್ದು ಅರ್ಧ ದಿನ. ಅದು ನನ್ನ ಬಳಿ ಧಾರಾಳವಾಗಿತ್ತು, ರಜೆಗಳನ್ನು ಉಳಿಸಿ ಉಳಿಸಿ ಕಾರ್ಖಾನೆಗೇ ಮಾರಿಕೊಳ್ಳುತ್ತಿದ್ದೆ. ಕಾರ್ಖಾನೆಯ ಮಾತ್ರೆಯನ್ನು ಧರ್ಮಾತ್ಮನಂತೆ ಹಂಚಿದೆ, ನನ್ನದೇ ಆದ ಒಂದು ಬೆಳಿಗ್ಗೆಯನ್ನು ಕೊಡಲಿಲ್ಲ.

ರಂಜಾನ್ ಮುಗಿದ ಮೇಲೆ ತಿಂಗಳಿಗೊಮ್ಮೆ ರಜೆ ಹಾಕಿ ಅವರ ಚೀಟಿಗೆ ನಾನೇ ಹೋಗಿ ಕ್ಯೂ ನಿಲ್ಲತೊಡಗಿದೆ. ಸಾಹೇಬರು ಅಂಗಡಿಯಲ್ಲಿ ಒಂದಷ್ಟು ಕೆಲಸ ಮುಗಿಸಿ, ನನ್ನ ಸರದಿ ಹತ್ತಿರವಾಗುವ ಹೊತ್ತಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲನೇ ಸಲ ಕಿಟಕಿಯ ಹತ್ತಿರ ಬಂದಾಗ ಸಿಸ್ಟರ್ ಕೇಳಿದರು, "ಪೇಷಂಟಿಗೆ ನೀವು ಏನಾಗ್ಬೇಕು?"

ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನ ಮೇಲಿಂದ ಸಾಹೇಬರು ನಗುತ್ತಾ ಕೂಗಿದರು, "ಅವ್ರು ನಮ್ ಡಾಕ್ಟ್ರು, ಮೇಡಂ!"

ಕ್ಯೂಗೆ ಕ್ಯೂವೇ ನನ್ನ ಕಡೆ ತಿರುಗಿತು. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು, ಅಂಗೈಯಲ್ಲಿದ್ದ ಎರಡು ಮಾತ್ರೆ ತೋರಿಸಿದಳು. "ಇದು ಊಟಕ್ಕೆ ಮುಂಚೆನಾ, ಆಮೇಲಾ, ಸ್ವಲ್ಪ ಹೇಳಪ್ಪ."

ಆ ಬಣ್ಣ ನನಗೆ ಗೊತ್ತಿತ್ತು. ಆಕಾರವೂ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಇಷ್ಟೆಲ್ಲ ಆದ ಮೇಲೂ ಬಂತಲ್ಲ ಎಂದು ಬೆಚ್ಚಿಬಿದ್ದೆ.

"ನಂಗೆ ಗೊತ್ತಿಲ್ಲಮ್ಮ" ಅಂದೆ. "ನಿಮ್ ಜೊತೆ ನಾನೂ ಒಳಗೆ ಬರ್ತೀನಿ, ಕೇಳೋಣ."