ಮಜ್ಜಿಗೆ ಗಡಿಗೆಯ ಕೆಳಗಿನ ಬಳೆ

ನನ್ನ ಅಣ್ಣನ ಕಾರು ಬಲಕ್ಕೆ ವಾಲಿದ್ದು ನನ್ನಿಂದ. ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಒಬ್ಬ ಒಳ್ಳೆಯ ಮನುಷ್ಯ ನನ್ನ ಸಲುವಾಗಿ ಕಳ್ಳನೆನಿಸಿಕೊಂಡು ಓಡಾಡಿದ.

ನಮ್ಮದು ಬೀದರ್ ಗಡಿಯಾಚೆ, ರಾಯಿಕೋಡ್ ಕಡೆಯ ಹಳ್ಳಿ. ಕುರಿಗಳನ್ನು ನಾನೂ ಅವ್ವನೂ ನೋಡಿಕೊಳ್ಳುತ್ತೇವೆ. ಅಣ್ಣ ಜಹೀರಾಬಾದಿನ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಮೇಸ್ತ್ರಿ. ನಾನು ಬೀದರ್ ಕಡೆಯ ಸೋದರಮಾವನ ಮನೆಯಲ್ಲಿದ್ದು ಐದನೇ ಇಯತ್ತೆ ತನಕ ಶಾಲೆ ಕಂಡವಳು. ಓದು ಅಷ್ಟಕ್ಕೇ ನಿಂತರೂ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಯಾವ ಕುರಿ ಬಂದಿಲ್ಲವೆಂದು ಹೇಳಿಬಿಡುತ್ತೇನೆ. ‘ನನ್ನ ಅಂಗಳದಿಂದ ಒಂದು ಹಿಕ್ಕೆಯೂ ಕಳೆಯುವುದಿಲ್ಲ’ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ಆ ಕಾರು ಬಂದದ್ದು ತಾಂಡೂರಿನಿಂದ. ಅಲ್ಲಿ ಕಲ್ಲಿನ ಗಣಿ ಇಟ್ಟಿದ್ದ ಮುದಿ ಸಾವಕಾರರ ಲಾರಿಗಳನ್ನು ಅಣ್ಣ ಬಹಳ ವರ್ಷ ರಿಪೇರಿ ಮಾಡಿದ್ದ. ಅವರ ಶೆಡ್ಡಿನಲ್ಲಿ ಒಂದು ವಿಲಾಯತಿ ಕಾರು ಧೂಳು ತಿನ್ನುತ್ತ ನಿಂತಿತ್ತು. ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ರೇಸಿನ ಗಾಡಿಯಂತೆ. ‘ಒಯ್ಯಿ, ಓಡಿಸಿದ್ರ ನಿಂದು, ಇಲ್ಲಂದ್ರ ಗುಜರಿದು’ ಎಂದು ಸಾವಕಾರರು ಕೊಟ್ಟುಬಿಟ್ಟರು. ಅಣ್ಣ ಅದನ್ನು ಕಲ್ಲಿನ ಲಾರಿಯ ಮೇಲೆ ಹೇರಿಕೊಂಡು ಬಂದ.

ಅವ್ವ ಅದರ ಸುತ್ತ ಒಂದು ಸುತ್ತು ಬಂದು ಕೇಳಿದಳು: “ಇಷ್ಟುದ್ದ ಗಾಡ್ಯಾಗ ಇಬ್ಬರೇ ಕೂಡೋದೇನು? ಮೂರನೇದಾಂವ ಏನ್ ಮಾಡ್ಬೇಕು?”

“ಮೂರನೇದಾಂವ ತಳ್ಳಬೇಕು, ಅವ್ವಾ.”

ಮೂರನೆಯವಳು ನಾನೇ ಆದೆ.

ಎಂಜಿನ್ ಬೇಗ ಮಾತು ಕೇಳಿತು. ಹಟ ಹಿಡಿದದ್ದು ಕೆಳಗಿನ ಕೈಕಾಲುಗಳು. ಸ್ಪ್ರಿಂಗಿಗೆ ತುಕ್ಕು, ಶಾಕಪ್ಸರ್ ಸೋರಿ ಒಣಗಿತ್ತು, ಕೀಲುಗಳ ನಡುವೆ ಇರುವ ರಬ್ಬರ್ ಬುಶ್ಶುಗಳು ಹಳೆ ಖರ್ಜೂರದ ಹಾಗೆ ಸುಕ್ಕುಗಟ್ಟಿದ್ದವು. ಅಣ್ಣ ಅಂಗಳದ ಬೇವಿನ ಕೆಳಗೆ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಮುಂದಿನ ಎರಡೂ ಚಕ್ರ ಕಳಚಿ, ಅವ್ವ ಜೋಳದ ಹಿಟ್ಟು ನಾದುವ ಎರಡು ಪರಾತಗಳನ್ನು ಎತ್ತಿಕೊಂಡು ಬಂದ. ಎಡಗಡೆ ಬಿಚ್ಚಿದ್ದು ಒಂದರಲ್ಲಿ, ಬಲಗಡೆಯದು ಇನ್ನೊಂದರಲ್ಲಿ.

“ಡೀಸೆಲ್‌ದಾಗ ತೊಳೀಬೇಕು. ಇದ್ರಾಗಿಂದು ಅದ್ರಾಗ ಹೋಗಬಾರ್ದು. ತಿಳೀತಿಲ್ಲೋ?”

“ನೂರು ಕುರಿ ಕಾಯ್ತೀನಿ, ನಾಕು ಬೋಲ್ಟ್ ಕಾಯಾಕ ಆಗಂಗಿಲ್ಲೇನು?” ಎಂದೆ.

ಹುಷಾರಾಗಿಯೇ ತೊಳೆದೆ. ಎಡಗಡೆ ಏನಿತ್ತೋ ಬಲಗಡೆಯೂ ಅದೇ ಇತ್ತು. ಆದರೆ ಬಲಗಡೆಯ ಪರಾತದ ತಳದಲ್ಲಿ, ಗ್ರೀಸಿನ ಗಂಟಿನೊಳಗಿಂದ ಒಂದು ಅಲ್ಯುಮಿನಿಯಂ ಬಳೆ ಹೊರಬಂತು. ಅಂಗೈಯಗಲ, ಬೆರಳು ದಪ್ಪ. ಅದಕ್ಕೆ ಎಡಗಡೆ ಜೋಡಿ ಇರಲಿಲ್ಲ.

ಕುರಿಯವರಲ್ಲಿ ಒಂದು ರೂಢಿ ಇದೆ. ಸಂಜೆ ಮರಿಗಳನ್ನು ತಾಯಂದಿರ ಹತ್ತಿರ ಬಿಟ್ಟಾಗ ಪ್ರತಿ ಮರಿಯೂ ತನ್ನ ತಾಯಿಯನ್ನು ಹುಡುಕಿಕೊಳ್ಳುತ್ತದೆ. ಯಾವುದೊಂದು ಮರಿ ಒಂಟಿಯಾಗಿ ಒದರುತ್ತ ಉಳಿಯಿತೋ ಅದು ನಮ್ಮದಲ್ಲ, ಬೇರೆಯವರ ಹಿಂಡಿನಿಂದ ಸೇರಿಕೊಂಡದ್ದು. ಕೇಳಿಕೊಂಡು ಬರುವ ತನಕ ಅದನ್ನು ಸಾಕಿಕೊಳ್ಳಬಹುದು. ಜೋಡಿ ಇಲ್ಲದ ಬಳೆಯನ್ನು ನಾನು ಹಾಗೆಯೇ ಸಾಕಿಕೊಂಡೆ. ಅಡುಗೆಮನೆಯ ಮೂಲೆಯ ಮಜ್ಜಿಗೆ ಗಡಿಗೆಯ ತಳ ಗುಂಡಗೆ. ಅದರ ಕೆಳಗಿನ ಹುಲ್ಲಿನ ಸಿಂಬಿ ಕೊಳೆತು, ಗಡಿಗೆ ದಿನಾ ಕುಡುಕನ ಹಾಗೆ ತೂಗಾಡುತ್ತಿತ್ತು. ಬಳೆಯನ್ನು ಬೂದಿ ಹಚ್ಚಿ ತಿಕ್ಕಿ ಕೆಳಗಿಟ್ಟೆ. ಗಡಿಗೆಯ ಅಳತೆ ತೆಗೆದುಕೊಂಡೇ ಕಡೆದಂತೆ ಕೂತುಬಿಟ್ಟಿತು.

“ಎಲ್ಲಿ ಸಿಕ್ತ ಇದು?” ಎಂದಳು ಅವ್ವ.

“ನಾರಾಯಣಖೇಡ ಸಂತ್ಯಾಗ ತಂದೆ.”

ಈ ಸುಳ್ಳು ಯಾಕೆ ಹೇಳಿದೆನೋ ಗೊತ್ತಿಲ್ಲ. ಗಾಡಿಯದ್ದೆಂದರೆ ಅವ್ವ ಮಡಿ ಮೈಲಿಗೆ ಅನ್ನುತ್ತಾಳೆ ಎಂದಿರಬೇಕು. “ಶಾಣ್ಯಾ ಇದ್ದಿ ಬಿಡು” ಎಂದು ಅವ್ವ ನನ್ನ ತಲೆ ಸವರಿದಳು. ಹೊಗಳಿಕೆ ಸಿಕ್ಕ ಮೇಲೆ ಸುಳ್ಳನ್ನು ವಾಪಸು ಪಡೆಯುವುದು ಕಷ್ಟ.

ಹೊಸ ಬುಶ್ಶುಗಳು ಮುಂಬಯಿಯಿಂದ ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಅಷ್ಟರಲ್ಲಿ ಅಣ್ಣನೂ ಬಳೆಯನ್ನು ಮರೆತಿದ್ದ. ಹಳೆ ಬುಶ್ಶು ಒತ್ತಿ ತೆಗೆಯಲು, ಸವೆದ ಪಿನ್ನುಗಳನ್ನು ಹೊಸದಾಗಿ ಕಡೆದುಕೊಡಲು ಅವನ ಗೆಳೆಯನೊಬ್ಬ ಜಹೀರಾಬಾದಿನಿಂದ ಬಂದು ಹೋಗುತ್ತಿದ್ದ. ಅವನಿಗೆ ಅಲ್ಲಿ ಕಬ್ಬಿಣ ಕಡೆಯುವ ಲೇತ್ ಮಶೀನಿನ ಒಂದು ಅಂಗಡಿ. ನಾನು ಅವನನ್ನು ಲೇತಣ್ಣ ಎನ್ನುತ್ತಿದ್ದೆ. ಒಂದು ಚೀಲದಲ್ಲಿ ಬಲಗಡೆಯ ಸಾಮಾನು ತುಂಬಿಕೊಂಡು ಹೋಗಿ, ಕೆಲಸ ಮುಗಿಸಿ ತಂದುಕೊಟ್ಟಿದ್ದ. ಆ ಚೀಲವೇ ಅವನಿಗೆ ಮುಳುವಾಯಿತು.

ಗಾಡಿಯ ಜೋಡಣೆ ಮುಗಿದ ದಿನ ಒಂದು ತಮಾಷೆ ನಡೆಯಿತು. ರಬ್ಬರ್ ಬುಶ್ಶುಗಳ ಬೋಲ್ಟನ್ನು ಗಾಡಿ ನೆಲದ ಮೇಲಿದ್ದು, ಸೀಟಿನಲ್ಲಿ ಇಬ್ಬರು ಕೂತಷ್ಟು ಭಾರ ಬಿದ್ದಾಗಲೇ ಬಿಗಿಯಬೇಕಂತೆ. ಎತ್ತಿ ಹಿಡಿದಾಗ ಬಿಗಿದರೆ ರಬ್ಬರು ತಿರುಚಿ ಹರಿಯುತ್ತದೆ. ಅಣ್ಣ, ಲೇತಣ್ಣ ಇಬ್ಬರೂ ಪಾನಾ ಹಿಡಿದು ಗಾಡಿಯ ಕೆಳಗಿದ್ದರು. ಅವ್ವ ಕೂಡಲು ಒಪ್ಪಲಿಲ್ಲ. ನಾನು ಎರಡು ಟಗರುಗಳ ಕಾಲು ಕಟ್ಟಿ ಎರಡು ಸೀಟಿನಲ್ಲಿ ಕೂರಿಸಿದೆ. ಬಲಗಡೆಯದು ಸ್ಟೇರಿಂಗಿನ ಮೇಲೆ ಗದ್ದ ಇಟ್ಟು ಸಾವಕಾರರ ಹಾಗೆ ರಸ್ತೆ ನೋಡಿತು.

ಅಣ್ಣ ಹೊರಬಂದು ದೂರ ನಿಂತು ನೋಡಿದ. ಗಾಡಿ ಬಲಕ್ಕೆ ಎರಡು ಬೆರಳು ವಾಲಿತ್ತು.

“ಆ ಟಗರ ದಪ್ಪದ. ಅದಲಿ ಬದಲಿ ಮಾಡು.”

ಬದಲಿಸಿದೆ. ವಾಲಿಕೆ ಹೋಗಲಿಲ್ಲ. ಎರಡನ್ನೂ ಇಳಿಸಿದೆ. ಖಾಲಿ ಗಾಡಿಯೂ ಬಲಕ್ಕೇ ವಾಲಿತ್ತು. ಅಷ್ಟರಲ್ಲಿ ಒಂದು ಟಗರು ಸೀಟಿನ ಹೊಲಿಗೆ ಬಿಚ್ಚಿ ಸ್ವಲ್ಪ ತಿಂದಿತ್ತು.

ಅಣ್ಣ ತಾಂಡೂರಿನ ಸಾವಕಾರರ ಹಳೆ ಡ್ರೈವರನಿಗೆ ಫೋನು ಹಚ್ಚಿದ. ಆತ ನಕ್ಕು ಹೇಳಿದನಂತೆ: ಸಾಹೇಬರು ಭಾರಿ ಆಳು, ಯಾವಾಗಲೂ ಒಬ್ಬರೇ ಓಡಿಸುತ್ತಿದ್ದರು, ಅದಕ್ಕೆ ಅವರು ಕೂಡುವ ಕಡೆಯ ಸ್ಪ್ರಿಂಗಿನ ಮೇಲೆ ಒಂದು ಬಳೆ ಹೆಚ್ಚಿಗೆ ಇಟ್ಟಿದೆ, ಆ ಸ್ಪ್ರಿಂಗು ಕುಗ್ಗಿ ಅದಕ್ಕೇ ಪಳಗಿದೆ, ಬಳೆ ಇಲ್ಲದಿದ್ದರೆ ಆ ಕಡೆ ತಗ್ಗುತ್ತದೆ.

ಬಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಟಗರು ಕಿತ್ತ ಹೊಲಿಗೆಯನ್ನು ಒತ್ತಿ ಒತ್ತಿ ಕೂಡಿಸತೊಡಗಿದೆ.

“ಪರಾತದಾಗ ಒಂದು ಬಳಿ ಇತ್ತಲ್ಲ, ಎಲ್ಲದ?” ಎಂದ ಅಣ್ಣ.

“ನನ್ನ ಕೈಗೆ ಬಂದಿಲ್ಲ,” ಎಂದೆ. ಯೋಚಿಸುವ ಮುಂಚೆಯೇ ಬಾಯಿ ಹೇಳಿಬಿಟ್ಟಿತು. “ನನ್ನ ಅಂಗಳದಾಗಿಂದ ಏನರ ಕಳದದೇನು ಇಲ್ಲೀತನಕಾ?”

ಅಣ್ಣ ಇದನ್ನು ನಂಬಿದ. ನನ್ನನ್ನು ನಂಬಿದ ಮೇಲೆ ಉಳಿದದ್ದು ಒಂದೇ ಚೀಲ. ಮರುದಿನವೇ ಜಹೀರಾಬಾದಿನ ಚಹಾ ಹೋಟೆಲಿನಲ್ಲಿ ಎಲ್ಲರೆದುರು ಲೇತಣ್ಣನಿಗೆ ಹೇಳಿದನಂತೆ: “ನನ್ನ ಬಳಿ ಯಾರ ಗಾಡಿಗಿ ಹಾಕಿದಿ? ಹೇಳಿಬಿಡು, ನಾ ಏನೂ ಅನ್ನಂಗಿಲ್ಲ.”

ಲೇತ್ ಅಂಗಡಿ ನಡೆಯುವುದೇ ನಂಬಿಕೆಯ ಮೇಲೆ. ನಾರಾಯಣಖೇಡದಿಂದ, ಧಾರೂರಿನಿಂದ ಜನ ಪಂಪಿನ, ಟ್ರಾಕ್ಟರಿನ ಸಾಮಾನು ಇಟ್ಟು ಹೋಗುತ್ತಿದ್ದರು, ವಾರ ಬಿಟ್ಟು ಒಯ್ಯುತ್ತಿದ್ದರು. ಆ ಮಾತಿನ ನಂತರ ಕೆಲವರು ಕೆಲಸ ಮುಗಿಯುವ ತನಕ ಬೆಂಚಿನ ಮೇಲೆ ಕೂತು ಕಾಯತೊಡಗಿದರು. ಇದನ್ನು ಅಣ್ಣನೇ ಊಟಕ್ಕೆ ಕೂತಾಗ ಹೇಳಿ ನಕ್ಕ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಬಾಯಿ ಬಿಟ್ಟರೆ ಬಳೆಯ ಜೊತೆಗೆ ನಾರಾಯಣಖೇಡದ ಸಂತೆಯೂ ನನ್ನ ಜಂಬವೂ ಒಟ್ಟಿಗೆ ಹೊರಬೀಳುತ್ತಿದ್ದವು.

ಒಂದು ಮಧ್ಯಾಹ್ನ ಅಣ್ಣ ಅಂಥದೇ ಇನ್ನೊಂದು ಬಳೆ ಹುಡುಕಲು ತಾಂಡೂರಿಗೆ ಹೋಗಿದ್ದಾಗ ಲೇತಣ್ಣ ಬಂದ. ಅವ್ವ ಕುರಿಗಳ ಜೊತೆ ಹೊರಗಿದ್ದಳು.

“ಅಣ್ಣ ಇಲ್ರಿ, ತಾಂಡೂರಿಗಿ ಹೋಗ್ಯಾನ.”

“ಇರ್ಲಿ. ಬಿಸಲಾಗ ಬಂದೀನಿ, ಒಂದ್ ಗ್ಲಾಸ್ ಮಜ್ಜಿಗಿ ಕೊಡು ತಂಗಿ.”

ಬಂದವರಿಗೆ ಮಜ್ಜಿಗೆ ಇಲ್ಲ ಎನ್ನುವಂತಿಲ್ಲ. ಅವನು ತಂಪಿಗೆಂದು ಅಡುಗೆಮನೆಯ ಹೊಸ್ತಿಲಲ್ಲೇ ಕೂತ. ಅಣ್ಣ ಎಂದೂ ಅಲ್ಲಿ ಕೂತವನಲ್ಲ. ಅವನಿಗೆ ಅಂಗಳದ ಹೊರಸಿಗೇ ಮಜ್ಜಿಗೆ ಹೋಗಬೇಕು. ಲೇತಣ್ಣ ಗ್ಲಾಸು ಖಾಲಿ ಮಾಡಿ ಗಡಿಗೆಯನ್ನೇ ನೋಡುತ್ತ ಕೂತ.

“ಮಜ್ಜಿಗಿ ಭಾಳ ಛಲೋ ಅದ. ಗಡಿಗಿನೂ ಎಷ್ಟು ನೆಟ್ಟಗ ಕೂತದ ನೋಡು. ಗಾಡಿಗಿಂತ ಛಲೋ.”

ನಾನು ಸೆರಗು ಬಾಯಿಗೆ ಹಿಡಿದುಕೊಂಡೆ. ಅವನು ಅಂಗಿಯ ಕಿಸೆಯಿಂದ ಅಳತೆಯ ಕ್ಯಾಲಿಪರ್ ತೆಗೆದ.

“ಗಡಿಗಿ ಒಂಚೂರು ಎತ್ತಿ ಹಿಡಿ.”

ಹಿಡಿದೆ. ಅಗಲ ಅಳೆದ, ದಪ್ಪ ಅಳೆದ, ಬೀಡಿ ಕಟ್ಟಿನ ಮೇಲೆ ಬರೆದುಕೊಂಡ. “ಇಡು,” ಎಂದ.

“ಅಣ್ಣಗ ಹೇಳ್ತೀರೇನ್ರಿ?”

“ನಾ ಹೇಳಿದ್ರ, ತನ್ನ ಕಳವು ತಂಗಿ ಮ್ಯಾಲ ಹಾಕ್ದ ಅಂತಾನ. ಹೇಳೋ ಬಾಯಿ ನಿಂದೇ ಅದ.”

“ನಾಳಿ ಹೇಳ್ತೀನ್ರಿ. ಖರೇ.”

ಮರುದಿನ ನಾನು ಬಾಯಿ ತೆರೆಯುವ ಮುಂಚೆಯೇ ಅವನು ಫಳಫಳ ಹೊಳೆಯುವ ಹೊಸ ಬಳೆ ತಂದ. ಜಗಳ ಮುಗಿದರೆ ಸಾಕೆಂದು ರಾತ್ರಿ ನಿದ್ದೆ ಕೆಟ್ಟು ಕಡೆದಿದ್ದ. ಹಾಕಿ ಇಳಿಸಿದರೆ ಗಾಡಿ ತಕ್ಕಡಿಯ ಹಾಗೆ ನೆಟ್ಟಗೆ ನಿಂತಿತು. ಅಣ್ಣ ಬಳೆ ಇದ್ದ ಜಾಗವನ್ನೂ ಗೆಳೆಯನನ್ನೂ ಒಂದೊಂದು ಸಲ ನೋಡಿದ.

“ಹಳೇ ಬಳಿ ಇಲ್ದ ಅಳತಿ ಹ್ಯಾಂಗ ಗೊತ್ತಾತು ನಿನಗ?”

ಲೇತಣ್ಣ ನನ್ನ ಕಡೆ ನೋಡಿದ. ನಾನು “ಕುರಿ ಹೊಲಕ್ಕ ಬಿದ್ದಾವ!” ಎಂದು ಕೂಗಿಕೊಂಡು ಓಡಿದೆ. ಕುರಿಗಳು ಹಟ್ಟಿಯಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಅಲ್ಲಿ ನಿಂತೇ ಕೇಳಿಸಿಕೊಂಡೆ. ಲೇತಣ್ಣ, “ಅಂದಾಜಿನ ಮ್ಯಾಲ,” ಎಂದ. ಅಣ್ಣ ಬಹಳ ದೊಡ್ಡ ಮನಸ್ಸಿನಿಂದ, “ಆತು ಬಿಡು. ತಪ್ಪು ಯಾರಿಗಿ ಆಗಂಗಿಲ್ಲ?” ಎಂದ.

ಅಂದಿನಿಂದ ಅಣ್ಣನ ಬಾಯಲ್ಲಿ ಅದೊಂದು ಕಥೆಯೇ ಆಯಿತು. ಬಳೆ ನುಂಗಿದವನು, ನಾಚಿಕೆಗೆ ಹೊಸದು ಕಡೆದು ತಂದವನು, ಅವನನ್ನು ಕ್ಷಮಿಸಿದ ಗೆಳೆಯ. ಮದುವೆಯಲ್ಲಿ, ಸಂತೆಯಲ್ಲಿ, ಲೇತಣ್ಣನ ಎದುರಿಗೇ ಹೇಳುತ್ತಿದ್ದ. ಅವನೂ ತಲೆ ತಗ್ಗಿಸಿ ನಗುತ್ತಿದ್ದ. ನಮ್ಮ ಮನೆಗೆ ಬಂದಾಗ ಮಾತ್ರ ತಪ್ಪದೆ ಕೇಳುತ್ತಿದ್ದ: “ತಂಗಿ, ಮಜ್ಜಿಗಿ ಅದೇನು?” ನಾನು ತುಂಬಿದ ಗ್ಲಾಸು ಕೊಡುತ್ತಿದ್ದೆ, ಕೇಳದಿದ್ದರೂ ಇನ್ನೊಂದು ಕೊಡುತ್ತಿದ್ದೆ. ಪಾಪ ತೊಳೆಯಲು ಮಜ್ಜಿಗೆ ಸಾಲುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮೊನ್ನೆ ದೌಲತಾಬಾದ್ ಕಡೆಯ ರೈತರೊಬ್ಬರು ಅಣ್ಣನನ್ನು ಹುಡುಕಿಕೊಂಡು ಬಂದರು. ಟ್ರಾಕ್ಟರಿನ ದೊಡ್ಡ ಕೆಲಸ, ಇಡೀ ಗೇರ್ ಪೆಟ್ಟಿಗೆಯನ್ನು ಲೇತಿಗೆ ಬಿಟ್ಟುಹೋಗಬೇಕು. ಬೇವಿನ ಕೆಳಗೆ ಲೇತಣ್ಣನೂ ಇದ್ದ.

“ಇವರ ಕಡೆ ಬಿಟ್ಟು ಹೋಗಬಹುದೇನ್ರಿ?” ಎಂದು ರೈತರು ಕೇಳಿದರು.

“ಕೆಲಸ ಬಂಗಾರದಂಥಾದು,” ಎಂದ ಅಣ್ಣ. “ಬಳಿ ಮಾತ್ರ ಎಣಿಸಿಕೊಂಡು ಒಯ್ರಿ.”

ರೈತರು ನಗಲಿಲ್ಲ. “ಹಾಂಗಾದ್ರ ವಿಚಾರ ಮಾಡ್ತೀನ್ರಿ,” ಎಂದು ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡರು. ಲೇತಣ್ಣನೂ ಆ ದಿನ ನಗಲಿಲ್ಲ. ಮಜ್ಜಿಗೆಯನ್ನೂ ಕೇಳಲಿಲ್ಲ.

ನಾನು ಒಳಗೆ ಹೋಗಿ ತುಂಬಿದ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು, ಕೆಳಗಿನ ಬಳೆ ಎತ್ತಿಕೊಂಡು ಬಂದು ಅಣ್ಣನ ಕೈಗೆ ಕೊಟ್ಟೆ. ಅವನ ಕಣ್ಣಿಗಿಂತ ಮೊದಲು ಬೆರಳಿಗೆ ಗುರುತು ಸಿಕ್ಕಿತು.

“ಇದೆಲ್ಲಿತ್ತು?”

“ಗಡಿಗಿ ಕೆಳಗ.”

“ಎಂದಿನಿಂದ?”

“ನೀ ಪರಾತದಾಗ ಇಟ್ಟ ದಿನದಿಂದ. ನಾನೇ ತಗೊಂಡೆ. ಇವರು ಮುಟ್ಟಿಲ್ಲ.”

“ಅಂದ್ರ ನಾ ಇದ್ರ ಮ್ಯಾಲಿನ ಮಜ್ಜಿಗಿ ಕುಡ್ಕೋತ ಇವಗ ಕಳ್ಳ ಅಂದೆ?”

“ನಾರಾಯಣಖೇಡ ಸಂತ್ಯಾಗ ತಂದೆ ಅಂದಿದ್ದೆಲ್ಲೇ!” ಎಂದು ಅವ್ವ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

ಇಬ್ಬರೂ ಎರಡು ಕಡೆಯಿಂದ ಶುರು ಮಾಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ತಯಾರಾಗಿರದಿದ್ದದ್ದು ಗಡಿಗೆಗೆ. ಗುಂಡು ತಳ, ಕೆಳಗಿಟ್ಟರೆ ಉರುಳುತ್ತದೆ, ಬಳೆ ಅಣ್ಣನ ಕೈಯಲ್ಲಿ. ಎಲ್ಲಾ ಬೈಗುಳ ಮುಗಿಯುವ ತನಕ ಹೊತ್ತುಕೊಂಡೇ ನಿಲ್ಲಬೇಕಾಯಿತು. ಗಡಿಗೆ ವಾಲಿದಾಗಲೆಲ್ಲ ಮಜ್ಜಿಗೆ ಸೀರೆಯ ಮೇಲೆ ಚೆಲ್ಲುತ್ತಿತ್ತು. ದೌಲತಾಬಾದಿನವರು ಹೋಗುವುದನ್ನು ಮರೆತು ನೋಡುತ್ತಿದ್ದರು.

ಬೈದು ಮುಗಿಸಿ ಅಣ್ಣ ಹೊರಸಿನ ಕಡೆ ತಿರುಗಿದ. ಗೆಳೆಯನ ಮುಖ ನೋಡಲು ಅವನಿಗೆ ಆಗಲಿಲ್ಲ. ಕಿಸೆಯಿಂದ ಕಾರಿನ ಕೀಲಿ ತೆಗೆದು ಹೊರಸಿನ ಮೇಲೆ ಇಟ್ಟ. ಆ ಕೀಲಿಯನ್ನು ಅವನು ಯಾರಿಗೂ ಮುಟ್ಟಗೊಟ್ಟವನಲ್ಲ.

“ಗಾಡಿ ನೀ ಹೊಡಿ,” ಎಂದ ನೆಲ ನೋಡುತ್ತ. “ಚಹಾ ಹೋಟ್ಲಿಗಿ ಹೋಗಮು. ಅಲ್ಲೇ ಅಂದಿದ್ದೆ, ಅಲ್ಲೇ ಹೇಳ್ತೀನಿ.” ಆಮೇಲೆ ರೈತರ ಕಡೆ ತಿರುಗಿದ. “ನೀವೂ ಪೆಟ್ಟಿಗಿ ಬಿಟ್ಟು ಹೋಗ್ರಿ. ಕಳ್ಳಿ ನನ್ನ ಮನ್ಯಾಗೇ ಅದಾಳ.”

ಲೇತಣ್ಣ ಕೀಲಿ ತೆಗೆದುಕೊಂಡ. ಆದರೆ ಕಾರಿನ ಕಡೆ ಹೋಗುವ ಮೊದಲು ತಲೆಯ ರುಮಾಲು ಬಿಚ್ಚಿ, ಸುರುಳಿ ಸುತ್ತಿ ಸಿಂಬಿ ಮಾಡಿ, ನನ್ನ ಕಾಲ ಬಳಿ ನೆಲದ ಮೇಲಿಟ್ಟ.

“ಇಡು ತಂಗಿ. ಕೈ ಸೋತಿರ್ತಾವ.”