ಮಾರ್ಟಳ್ಳಿಯ ‘ಆವು’

ಬೆಳಿಗ್ಗೆ ಆರು ಐವತ್ತಕ್ಕೆ ಹಿತ್ತಲಿಂದ ಕೂಗು ಬಂತು: “ಟೀಚರ್, ಆವು ಕಣ್ರೀ, ಆವು!”

ನಾನು ನಕ್ಕೆ. ಹಳಗನ್ನಡದಲ್ಲಿ ಆವು ಎಂದರೆ ಹಸು. ಹಿಂದಿನ ದಿನವಷ್ಟೇ ಒಂಬತ್ತನೆಯ ತರಗತಿಗೆ ಹೇಳಿಕೊಟ್ಟಿದ್ದೆ. ಸೊಪ್ಪಿನ ಮಡಿಗೆ ಆಕಳು ನುಗ್ಗಿರಬೇಕೆಂದು ಕೋಲಿಗಾಗಿ ಬರಿಗಾಲಲ್ಲೇ ಸೌದೆ ರಾಶಿಯ ಕಡೆ ಓಡಿದೆ. ಈ ಸೀಮೆಯ ಬಾಯಲ್ಲಿ ‘ಹ’ ಉದುರಿಹೋಗುತ್ತದೆ, ಹಾವು ಆವಾಗುತ್ತದೆ ಎಂಬುದು ಗದಗಿನಿಂದ ಬಂದು ಐದು ತಿಂಗಳಾದರೂ ಕಿವಿಗೆ ಇಳಿದಿರಲಿಲ್ಲ. ಕೂಗಿದ್ದ ಪಕ್ಕದ ಮನೆಯ ಅರುಳ್ ಮೇರಿಯೇ ಓಡಿಬಂದು ನನ್ನನ್ನು ಹಿಂದಕ್ಕೆ ತಳ್ಳಿದರು. ಸೌದೆಯಡಿಯಿದ್ದ ಮಂಡಲದ ಹಾವು ಅವರ ಪಾದಕ್ಕೆ ಕಚ್ಚಿತು.

ಮೇರಿ ನಮ್ಮ ಶಾಲೆಯ ಗಣಿತದ ಟೀಚರ್. ಮನೆಯಲ್ಲಿ ತಮಿಳು, ನನ್ನೊಂದಿಗೆ ಇಲ್ಲಿಯ ಕನ್ನಡ. ಜೋಳದ ರೊಟ್ಟಿ ಬಿಟ್ಟು ಬಂದವಳಿಗೆ ರಾಗಿ ಮುದ್ದೆ ನುಂಗುವುದನ್ನು ಕಲಿಸಿದವರು ಅವರೇ. “ಅಗಿಬೇಡಿ ಟೀಚರ್, ಮುದ್ದೆಗೆ ಅವಮಾನ” ಎನ್ನುತ್ತಿದ್ದರು.

ಎದುರುಮನೆಯ ಪುಟ್ಟಮಾದಣ್ಣ ಜೀಪು ತಂದರು. ಕೌದಳ್ಳಿ ದಾಟುವಾಗ ಕೇಳಿದರು: “ಇಲ್ಲೇ ಮಂತ್ರ ಆಕೋರವ್ರೆ, ಒಸಿ ನಿಲ್ಸನಾ ಅಮ್ಮಾ?”

ಮೇರಿಯ ತುಟಿ ಬಿಳಿಚಿತ್ತು. “ಬ್ಯಾಡ ಅಣ್ಣಾ, ಕೊಳ್ಳೇಗಾಲದ ಆಸ್ಪತ್ರೆಗೇ ನಡೀರಿ. ಮಂತ್ರ ನೀವೇ ಏಳ್ಕಳಿ, ಬ್ರೇಕ್ ಮಾತ್ರ ಒತ್ಬೇಡಿ.”

ಮಾದಣ್ಣ ಪ್ರತಿ ತಿರುವಿಗೂ “ಉಘೇ ಮಾದಪ್ಪಾ” ಎಂದು ಕೂಗುತ್ತ ಓಡಿಸಿದರು. ಮೇರಿಯ ಬೆರಳುಗಳಲ್ಲಿ ಜಪಮಣಿ. ನನ್ನ ಮುಷ್ಟಿಯಲ್ಲಿ ಕೊರಳಿನ ಲಿಂಗ. ಹನೂರು ಬರುವಷ್ಟರಲ್ಲಿ ಪಾದ ಮಂಡಿಯಷ್ಟು ದಪ್ಪವಾಗಿತ್ತು. ಕಣ್ಣು ಮುಚ್ಚಿದರೆ ಈಗಲೂ ಆ ಪಾದವೇ ಕಾಣುತ್ತದೆ.

ಮೂರನೆಯ ದಿನ ಡಾಕ್ಟರು “ಇನ್ನು ಭಯವಿಲ್ಲ” ಎಂದರು. ಹೊರಗಿನ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ. ಒಳಗೆ ಹೋದಾಗ ಮೇರಿ ಇಡ್ಲಿ ತಿನ್ನುತ್ತಿದ್ದರು.

“ಜೀಪಲ್ಲಿ ಏನೋ ಗೊಣಗ್ತಿದ್ರಲ್ಲ ಟೀಚರ್, ಯಾರ್ನ ಕೇಳ್ಕತಿದ್ರಿ?”

“ನಮ್ಮ ಶಿವನ್ನರಿ. ನಿಮ್ಮ ಮೇರಿ ಮಾತೆಯನ್ನ ಹೆಂಗ ಕೇಳಬೇಕೋ ಗೊತ್ತಾಗಲಿಲ್ಲ. ತಪ್ಪಾತೇನ್ರಿ?”

“ತಪ್ಪೇನ್ ಬಂತು? ನನ್ಗೋಸ್ಕರ ತಾನೆ ಕೇಳಿದ್ದು.” ಇಡ್ಲಿಯ ತಟ್ಟೆ ಪಕ್ಕಕ್ಕಿಟ್ಟರು. “ಆದ್ರೆ ಒಂದ್ಮಾತು. ಉಳಿಸಿದ್ದು ನಮ್ ಮಾತೆ ಅಂತ್ಲೇ ನಾನು ನಂಬೋದು. ನಿಮ್ ದೇವ್ರಿಗೆ ಅಡ್ಡಬೀಳಕ್ಕೆ ನನ್ಗಾಗಲ್ಲ. ಬೇಜಾರ್ ಮಾಡ್ಕಬೇಡಿ.”

ಒಂದು ಕ್ಷಣ ಚುಚ್ಚಿತು. ಆದರೆ ನನ್ನನ್ನು ಮೆಚ್ಚಿಸಲು ಸುಳ್ಳು ಹೇಳದ ಅವರ ನೇರಮಾತಿನಿಂದ ಎದೆಯೂ ಹಗುರಾಯಿತು.

“ನಾನೂ ನಿಮ್ಮ ಚರ್ಚಿನ್ಯಾಗ ಮೊಣಕಾಲೂರಂಗಿಲ್ರಿ. ಬೇಕಾದ್ರ ಜೋಡಿ ಬಂದು ಹಿಂದ ಕೂಡ್ತೀನಿ.”

“ಕೂತ್ಕಳಿ. ಫಾದರ್ ಉಪದೇಶ ಉದ್ದ. ಗೊರಕೆ ಮಾತ್ರ ಒಡೀಬೇಡಿ.”

ಮೂರು ವಾರ ಕಳೆದವು. ರಾತ್ರಿ ಹೊರಳಿದರೆ ಹಾಸಿಗೆಯಲ್ಲೇ ಹಾವು ಸರಸರ ಹರಿದಂತಾಗಿ ಎದ್ದು ಕೂರುತ್ತಿದ್ದೆ. ಮೇರಿ ಕೋಲೂರಿ ನಡೆಯತೊಡಗಿದ ಮೊದಲ ಭಾನುವಾರ ಅವರೊಂದಿಗೆ ಚರ್ಚಿಗೆ ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಅವರು ಮುಂದೆ ನಿಂತು ತಮಿಳಿನಲ್ಲಿ ಕೃತಜ್ಞತೆ ಹೇಳಿದರು. ಒಂದೇ ಶಬ್ದ ಅರ್ಥವಾಯಿತು, ನನ್ನ ಹೆಸರು.

ಅಂದು ರಾತ್ರಿ ಒಂದು ಸಲವೂ ಎಚ್ಚರಾಗಲಿಲ್ಲ. ಬೆಳಕು ಹರಿದ ಮೇಲೆ ಎಬ್ಬಿಸಿದ್ದು ಗದಗಿನಿಂದ ಅವ್ವನ ಫೋನು.

“ಹಾವಿನ ಊರು ಸಾಕವ್ವಾ, ವರ್ಗ ಮಾಡಿಸ್ಕೊಂಡು ಬಂದುಬಿಡು.”

“ದಸರಾ ರಜೆಗೆ ಬರ್ತೀನಿ ಬೇ. ನಾಲ್ಕು ದಿನ ಇದ್ದು ತಿರುಗಿ ಮನಿಗೆ ಹೋಗ್ತೀನಿ.”

ಅವ್ವ ಕೇಳಿದಳು: “ಮನಿಗೆ? ಹಂಗಾರ ಇಲ್ಲಿರೋದು ಏನವ್ವಾ?”